ಕೊನೆಯ ಮಾತಿಗೆ ಎಳೆದ ಉಸಿರು

ಜನವರಿ 11

ದೊಡ್ಡಪ್ಪನಿಗೆ ಪಿಸು ಮಾಡುವ ನಮಸ್ಕಾರ.

ಫೋನು ಮಾಡಿದಾಗಲೆಲ್ಲ ದೊಡ್ಡಮ್ಮನೇ ಎತ್ತುತ್ತಾರೆ. "ಅವರು ಸ್ನಾನಕ್ಕೆ ಹೋಗಿದ್ದಾರೆ ಕಣಮ್ಮಾ" ಅನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ನೀರು ಕಂಡರೆ ಓಡುತ್ತಿದ್ದ ಮನುಷ್ಯ ನೀವು! ಏನೋ ಕೋಪವಿರಬೇಕು ಅಂದುಕೊಂಡು ಪೆನ್ನು ಹಿಡಿದಿದ್ದೇನೆ. ಕಾಗದಕ್ಕೆ ಸ್ನಾನದ ನೆಪ ಹೇಳಲಾಗುವುದಿಲ್ಲವಲ್ಲ.

ಒಂದು ಬೇಡಿಕೆ ಇದೆ. ಅದಕ್ಕೆ ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ನಾಲ್ಕು ಜನರ ಮುಂದೆ ನೀವು "ನಮ್ಮ ಪಿಸು ಕಂಪ್ಯೂಟರಿಗೆ ಬಣ್ಣ ಹಚ್ಚುತ್ತಾಳೆ" ಎಂದು ಪರಿಚಯಿಸುತ್ತೀರಿ, ನಾನು ನಕ್ಕು ಸುಮ್ಮನಾಗುತ್ತೇನೆ. ಗಣಿತದವರು ಒಂದು ಪ್ರಮೇಯವನ್ನು ಸಾಧಿಸಿದ್ದೇವೆ ಅಂದಾಗ, ಆ ಸಾಧನೆಯಲ್ಲಿ ಎಲ್ಲೂ ತೂತಿಲ್ಲ ಎಂದು ಪರೀಕ್ಷಿಸುವ ಪ್ರೋಗ್ರಾಮ್ ಒಂದಿದೆ. ಅದು ತಾನಾಗಿ ಗಣಿತ ಮಾಡುವುದಿಲ್ಲ. ಪರದೆಯ ಎಡಗಡೆ ನಾವು ಒಂದು ಹೆಜ್ಜೆ ಬರೆಯಬೇಕು. ಒಪ್ಪಿಗೆಯಾದರೆ ಬಲಗಡೆ "ಇನ್ನು ಇಷ್ಟು ಸಾಧಿಸುವುದು ಉಳಿದಿದೆ" ಎಂದು ತೋರಿಸುತ್ತದೆ. ಒಪ್ಪಿಗೆಯಾಗದಿದ್ದರೆ ಜಪ್ಪಯ್ಯ ಅಂದರೂ ಮುಂದಕ್ಕೆ ಬಿಡುವುದಿಲ್ಲ. ಆ ಎಡಗಡೆ, ಬಲಗಡೆ ಹೇಗಿರಬೇಕು, ಮೊದಲು ಏನು ಕಾಣಬೇಕು, ಯಾವುದನ್ನು ಮಡಚಿಡಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ.

ನನಗೆ ಗಣಿತ ಕಲಿಸಿದ ಟೀಚರ್ ನೆನಪಿದ್ದಾರಾ? ನಿಮ್ಮ ನಾಟಕಕ್ಕೆ ಬಂದು ಮುಂದಿನ ಸಾಲಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದರಲ್ಲ, ಅವರೇ. ಅವರ ಕಣ್ಣು ಹೋಗುತ್ತಿದೆ ದೊಡ್ಡಪ್ಪ. ನಡುವಿನಿಂದ ಹೋಗುತ್ತಿದೆ. ಗಡಿಯಾರದ ಅಂಚು ಕಾಣುತ್ತದೆ, ಮುಳ್ಳು ಕಾಣುವುದಿಲ್ಲ. ಅವರು ಬಹಳ ಹಿಂದೆ ಬರೆದ ಪ್ರಮೇಯವೊಂದಿದೆ. ಓದಿದವರು ತಪ್ಪಿದೆ ಅನ್ನಲಿಲ್ಲ, ಸರಿಯಿದೆ ಅನ್ನಲೂ ಇಲ್ಲ. ಉದ್ದವಾಯಿತು ಎಂದು ಕೈಬಿಟ್ಟರು. ಈಗ ಯಂತ್ರದ ಬಾಯಲ್ಲಾದರೂ ಸರಿ ಅನ್ನಿಸಬೇಕೆಂದು ಹಟ ಹಿಡಿದಿದ್ದಾರೆ. ಅವರಿಗಾಗಿ ಆ ಪರದೆಯನ್ನು ಕಿವಿಗೆ ಕೇಳುವಂತೆ ಮಾಡುತ್ತಿದ್ದೇನೆ.

ಕಂಪ್ಯೂಟರಿನ ಧ್ವನಿ ಹಾಕಿ ನೋಡಿದೆ. ರೈಲು ನಿಲ್ದಾಣದ ಘೋಷಣೆಯಂತೆ ಎಲ್ಲವನ್ನೂ ಒಂದೇ ಸಮ ಓದುತ್ತದೆ. ಕಣ್ಣು ಬೇಕಾದಲ್ಲಿಗೆ ಹಾರುತ್ತದೆ. ಕಿವಿ ಪಾಪ, ಸಾಲಿನಲ್ಲಿ ನಿಂತಿರಬೇಕು. ಮುಖ್ಯವಾದದ್ದು ಬರುವಷ್ಟರಲ್ಲಿ ಮೊದಲು ಕೇಳಿದ್ದು ಟೀಚರಿಗೆ ಮರೆತಿರುತ್ತದೆ.

ಮನುಷ್ಯರ ಧ್ವನಿ ಬೇಕು, ನಿಮ್ಮದು. ಚಿಕ್ಕ ಮಾತುಗಳು: "ಹೀಗೆಂದು ಇಟ್ಟುಕೊಳ್ಳಿ", "ಆದ್ದರಿಂದ", "ಈ ಹೆಜ್ಜೆ ನಿಲ್ಲಲಿಲ್ಲ", "ಇನ್ನೂ ಎರಡು ಉಳಿದಿವೆ" ಇಂಥವು. ಅಕ್ಷರಗಳು, ಅಂಕಿಗಳು. ಎಲ್ಲಕ್ಕಿಂತ ಕೊನೆಗೆ, ಪ್ರಮೇಯ ಪೂರ್ತಿ ಸಾಧಿತವಾದಾಗ ಬರುವ ಮಾತು: "ಇನ್ನೇನೂ ಉಳಿದಿಲ್ಲ." ಇದರ ಜೊತೆ ರೆಕಾರ್ಡರ್ ಕಳಿಸಿದ್ದೇನೆ. ಕೆಂಪು ಬಟನ್ ಒತ್ತಿ ಮಾತಾಡಿದರೆ ಸಾಕು.

ನಿಮ್ಮ ಬಣ್ಣ ಹಚ್ಚುವ ಮಗಳು,
ಪಿಸು

*

ಜನವರಿ 24

ಎಲೈ ಪಿಸುವೇ!

ಏನೆಂದು ತಿಳಿದೆ ಈ ಗಂಟಲನ್ನು? ಮೈಕು ಕೈಕೊಟ್ಟ ಸಂಜೆ ಹಿಂದಿನ ಬೆಂಚಿನಲ್ಲಿ ಗೊರಕೆ ಹೊಡೆಯುತ್ತಿದ್ದವನನ್ನು ಎಬ್ಬಿಸಿ, ಅಳಿಸಿ, ಮತ್ತೆ ಮಲಗಿಸಿದ ಗಂಟಲಿದು! ಸಿಂಹಾಸನ ಮುರಿದು ಬಿದ್ದಾಗಲೂ ನೆಲದ ಮೇಲೆ ಕೂತು ರಾಜ್ಯವಾಳಿದ ಗಂಟಲು! ಅದಕ್ಕೆ ನೀನು ಕೊಡುವ ಪಾತ್ರ ಯಾವುದು? "ಆದ್ದರಿಂದ!" ಭಲೆ, ಮಗಳೇ, ಭಲೆ! ಕಾವಲುಗಾರನ ಪಾತ್ರಕ್ಕೂ ಇದಕ್ಕಿಂತ ಹೆಚ್ಚು ಮಾತಿರುತ್ತಿತ್ತು.

ಮಾಡುತ್ತೇನೆ. ಏಕೆಂದರೆ ಬೇರೆ ಪಾತ್ರ ಇನ್ನು ಬರುವುದಿಲ್ಲ.

ಸ್ನಾನದ ವಿಷಯಕ್ಕೆ ಬರೋಣ. ಗಂಟಲಿನಲ್ಲಿ ಒಂದು ಗಂಟು ಬೆಳೆದಿದೆ. ಔಷಧಿಗೆ ಬಗ್ಗುವ ಕಾಲ ದಾಟಿತಂತೆ. ಡಾಕ್ಟರು ಗಾಜಿನ ಬಾಗಿಲು ಹಾಕಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಧ್ವನಿಪೆಟ್ಟಿಗೆ ತೆಗೆಯಬೇಕಾಗುತ್ತೆ" ಅಂದರು. "ತೆಗೆದು ಎಲ್ಲಿಡ್ತೀರಿ?" ಅಂತ ಕೇಳಿದೆ. ಅವರಿಗೆ ನಗು ಬರಲಿಲ್ಲ. ಅಲ್ಲಿಗೆ ನನಗೆ ಅರ್ಥವಾಯಿತು.

ಏಪ್ರಿಲಿನಲ್ಲಿ ಅಂದಿದ್ದಾರೆ. ಆಮೇಲೆ ಜೀವವಿರುತ್ತದೆ, ಊಟವಿರುತ್ತದೆ, ನಿಮ್ಮ ದೊಡ್ಡಮ್ಮನ ಬೈಗುಳ ಇರುತ್ತದೆ. ಉತ್ತರ ಕೊಡಲು ಮಾತ್ರ ಆಗುವುದಿಲ್ಲ. ಈಗಲೂ ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತು ಧ್ವನಿ ನನ್ನದಾಗಿರುತ್ತದೆ. ಆಮೇಲೆ ಒಳಗೆ ಯಾರೋ ಮರಳು ಸುರಿದ ಹಾಗೆ. ಆ ಮರಳಿನ ಧ್ವನಿಯನ್ನು ನೀನು ಫೋನಿನಲ್ಲಿ ಕೇಳುವುದು ಬೇಡವೆಂದೇ ಇಷ್ಟು ಸ್ನಾನ.

ನಿಮ್ಮಪ್ಪನಿಗೆ ಹೇಳಬೇಡ. ಅವನು ಅಳುತ್ತಾನೆ. ಅವನು ಅತ್ತರೆ ನನಗೆ ಚಿಕ್ಕಂದಿನಿಂದ ನಗು ಬರುತ್ತದೆ, ಈ ವಯಸ್ಸಿನಲ್ಲಿ ಅದು ಚೆನ್ನಾಗಿರುವುದಿಲ್ಲ.

ಹತ್ತು ಹದಿನೈದು ಮಾತು ಹೇಳಿ ಕಳಿಸಿದ್ದೇನೆ. ಪೂರ್ಣ ವೀರಾವೇಶದಿಂದ! ಗಣಿತ ನಡುಗಬೇಕು!

ಇತಿ, ಗುಡುಗಿನ ಗೆಳೆಯ, ಗಾಜಿನ ವೈರಿ,
ನಿನ್ನ ದೊಡ್ಡಪ್ಪ

*

ಫೆಬ್ರವರಿ 9

ದೊಡ್ಡಪ್ಪ,

ಗಂಟಲಿನ ವಿಷಯಕ್ಕೆ ಒಂದು ಉತ್ತರ ಬರೆದೆ, ಹರಿದೆ. ಇನ್ನೊಂದು ಬರೆದೆ, ಅದನ್ನೂ ಹರಿದೆ. ಇದು ಬರೀ ಕೆಲಸದ ಕಾಗದ. ಬೈಯಬೇಡಿ.

ನಿಮ್ಮ ಧ್ವನಿ ಹಾಕಿ ಟೀಚರಿಗೆ ಹೆಡ್‌ಫೋನ್ ಕೊಟ್ಟೆ. ಅವರ ಮನೆಯ ಮೇಜು ಕಿಟಕಿಗೆ ಬೆನ್ನು ಹಾಕಿದೆ. ಈಗ ಬೆಳಕಿದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ಹಾಗೆ ತಿರುಗಿಸಿಕೊಂಡಿದ್ದಾರೆ. ಮೊದಲ ಹೆಜ್ಜೆ ಬರೆದರು, ಯಂತ್ರ ಒಪ್ಪಲಿಲ್ಲ. "ಈ ಹೆಜ್ಜೆ ನಿಲ್ಲಲಿಲ್ಲ!" ಎಂದು ನೀವು ಗರ್ಜಿಸಿದಿರಿ. ಟೀಚರ್ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದರು.

"ಯಾರೇ ಇದು? ಒಂದು ಹೆಜ್ಜೆ ತಪ್ಪಿದ್ದಕ್ಕೆ ಗಡೀಪಾರು ಮಾಡೋ ಹಾಗಿದಾರಲ್ಲ!"

"ನಮ್ಮ ದೊಡ್ಡಪ್ಪ, ಟೀಚರ್."

"ಅಯ್ಯೋ, ಆ ಕೂಗುಮಾರಿ ಇನ್ನೂ ಇದಾರಾ?" ಅಂದರು. ನಕ್ಕರು. ನಾನು ನಗಲಿಲ್ಲವೆಂದು ಅವರಿಗೆ ಹೇಗೋ ಗೊತ್ತಾಯಿತು. ಏನಾಯ್ತೇ ಎಂದು ಕೇಳಿದರು. ಹೇಳಿದೆ. ಹೆಡ್‌ಫೋನ್ ತಡಕಿ ಮತ್ತೆ ಹಾಕಿಕೊಂಡರು. ಪೂರ್ತಿ ಕೇಳಿದರು.

ಆಮೇಲೆ ಅಂದರು: "ಧ್ವನಿ ಇದೇ ಇರಲಿ. ಆದ್ರೆ ನಂಗೆ ರಾಜ ಬೇಡಮ್ಮ. ಸ್ಟೇಜ್ ಮೇಲೆ ಮಾತು ಮರೆತಾಗ ಪಕ್ಕದ ಪರದೆ ಹಿಂದಿಂದ ಒಬ್ಬರು ಹೇಳಿಕೊಡ್ತಿರ್ತಾರಲ್ಲ, ಆ ಥರ ಬೇಕು. ನಿಮ್ಮ ದೊಡ್ಡಪ್ಪಂಗೆ ಯಾರು ಹೇಳಿಕೊಡ್ತಿದ್ರು ಅಂತ ಕೇಳು."

ಕೇಳುತ್ತಿದ್ದೇನೆ, ದೊಡ್ಡಪ್ಪ. ಯಾರು?

ಪಿಸು

*

ಫೆಬ್ರವರಿ 22

ಕೂಗುಮಾರಿಯಿಂದ ಪಿಸುವಿಗೆ,

ಕಿರೀಟ ಕಳಚಿ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ಯಾರು ಎಂದು ಕೇಳಿದೆಯಲ್ಲ, ಈಗ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಾಳೆ. ನಾಟಕ ಕಂಪನಿಯಲ್ಲಿ ನಾನು ಮೆರೆದಷ್ಟು ಕಾಲವೂ ನಿಮ್ಮ ದೊಡ್ಡಮ್ಮ ಪಕ್ಕದ ಪರದೆಯ ಹಿಂದೆ ಮರದ ಸ್ಟೂಲಿನ ಮೇಲೆ ಕೂತು ನನಗೆ ಮಾತು ಹೇಳಿಕೊಟ್ಟವಳು. ಚಪ್ಪಾಳೆ ಬಿದ್ದಾಗ ನಾನು ಆ ಕಡೆ ತಿರುಗಿ ನೋಡಿದ ನೆನಪಿಲ್ಲ.

ನಿನ್ನ ಕಾಗದ ಓದಿ ಹೇಳಿದೆ. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ.

"ಟೀಚರಮ್ಮ ಸರಿಯಾಗೇ ಹೇಳಿದಾರೆ. ಇಡೀ ವಾಕ್ಯ ಹೇಳಿಕೊಟ್ರೆ ನಟ ಬರೀ ಕಿವಿ ಆಗಿಬಿಡ್ತಾನೆ. ಮೊದಲ ಪದ ಸಾಕು. ಮಿಕ್ಕಿದ್ದು ಅವನದೇ."

"ಯಾವಾಗ ಹೇಳಬೇಕು ಅಂತ ನಿನಗೆ ಹೇಗೆ ಗೊತ್ತಾಗ್ತಿತ್ತೇ? ನಾನು ತಿರುಗಿ ನೋಡ್ತಿರಲಿಲ್ಲವಲ್ಲ."

"ನಿಮ್ಮ ಉಸಿರು. ತುಂಬ ಎಳೆದ್ರೆ ಮಾತು ಒಳಗಿದೆ ಅಂತ, ನಾನು ಸುಮ್ಮನೆ. ಅರ್ಧಕ್ಕೆ ನಿಂತ್ರೆ ಮಾತಿಲ್ಲ ಅಂತ, ಆಗ ಒಂದು ಪದ."

"ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ!"

"ಹೇಳಿದ್ದಿದ್ರೆ ಉಸಿರಲ್ಲೂ ನಾಟಕ ಮಾಡ್ತಿದ್ರಿ."

ನೀನೇ ಯಾಕೆ ರೆಕಾರ್ಡ್ ಮಾಡಬಾರದು ಅಂದೆ. "ನನ್ನ ಧ್ವನಿ ಪರದೆ ದಾಟಿದ್ದಿಲ್ಲ. ದಾಟೋದೂ ಬೇಡ" ಎಂದು ಬಟ್ಟೆ ಕೊಡವಿದಳು. ಆದರೆ ಮರುದಿನ ಬೆಳಿಗ್ಗೆ ಕುರ್ಚಿ ತಂದು ನನ್ನ ಪಕ್ಕ ಹಾಕಿಕೊಂಡು ಕೂತಳು. ಒಂದೊಂದು ಮಾತಿಗೂ ಕೈ ಕೆಳಗಿಳಿಸುತ್ತಾ, ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ತೋರಿಸುತ್ತಾಳೆ. ನನ್ನೊಳಗೆ ಇಷ್ಟು ಸಣ್ಣ ಧ್ವನಿಯೊಂದಿತ್ತು ಎಂದು ಯಾವ ನಾಟಕದಲ್ಲೂ ಗೊತ್ತಾಗಿರಲಿಲ್ಲ. ಮಜಾ ನೋಡು, ಮೆಲ್ಲಗೆ ಹೇಳಿದರೆ ಮರಳೂ ಅಷ್ಟಾಗಿ ಕೇಳಿಸುವುದಿಲ್ಲ.

ಎಲ್ಲ ಮಾತೂ ಕಳಿಸಿದ್ದೇನೆ, ಒಂದನ್ನು ಬಿಟ್ಟು. "ಇನ್ನೇನೂ ಉಳಿದಿಲ್ಲ." ಇದನ್ನು ಹೇಗೆ ಹೇಳಬೇಕು? ಗೆದ್ದವನ ಹಾಗೋ, ಎಲ್ಲ ಕಳೆದುಕೊಂಡವನ ಹಾಗೋ? ಎರಡೂ ಹೇಳಿ ನೋಡಿದೆ. ಎರಡಕ್ಕೂ ನಿಮ್ಮ ದೊಡ್ಡಮ್ಮ ತಲೆ ಅಲ್ಲಾಡಿಸಿದಳು. ಅರ್ಥ ತಿಳಿಯದ ಮಾತನ್ನು ನಾನು ಎಂದೂ ವೇದಿಕೆಯ ಮೇಲೆ ಆಡಿದವನಲ್ಲ. ಟೀಚರನ್ನು ಕೇಳಿ ತಿಳಿಸು.

ಇತಿ, ತಗ್ಗಿದ ದನಿಯ ಮಹಾರಾಜ,
ದೊಡ್ಡಪ್ಪ

*

ಮಾರ್ಚ್ 10

ದೊಡ್ಡಪ್ಪ, ದೊಡ್ಡಮ್ಮ ಇಬ್ಬರಿಗೂ,

ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಈಗ ಯಂತ್ರ ಎಲ್ಲ ಓದುವುದಿಲ್ಲ. ಎಷ್ಟು ಉಳಿದಿದೆ ಎಂದು ಹೇಳಿ, ಮುಂದೆ ಸಾಧಿಸಬೇಕಾದದ್ದರ ಮೊದಲ ಪದ ಮಾತ್ರ ಹೇಳಿ ನಿಲ್ಲುತ್ತದೆ. ಇನ್ನೂ ಬೇಕಾದರೆ ಟೀಚರ್ ಒಂದು ಕೀ ಒತ್ತುತ್ತಾರೆ. ಹೆಚ್ಚಾಗಿ ಒತ್ತುವುದೇ ಇಲ್ಲ. ಮೊದಲ ಪದ ಕೇಳುತ್ತಿದ್ದಂತೆ ಅವರ ತುಟಿ ಉಳಿದದ್ದನ್ನು ಹೇಳತೊಡಗುತ್ತದೆ. ಆಫೀಸಿನಲ್ಲಿ ಎಲ್ಲರೂ ಈ ಮೌನವನ್ನು ಪ್ರೋಗ್ರಾಮಿನ ತಪ್ಪು ಅಂದುಕೊಂಡಿದ್ದರು. ತಪ್ಪಲ್ಲ, ಅದು ಟೀಚರ್ ಯೋಚಿಸುವ ಜಾಗ ಎಂದು ಹೇಳಿದೆ. ಜೋರಾಗಿಯೇ ಹೇಳಿದೆನಂತೆ. ನಿಮ್ಮ ರಕ್ತ.

ಕೊನೆಯ ಮಾತಿನ ಬಗ್ಗೆ ಕೇಳಿದೆ. "ಗೊತ್ತಿಲ್ಲ ಅಂತ ಬರಿ. ನಾನಿನ್ನೂ ಅಲ್ಲಿಗೆ ಹೋಗಿಲ್ಲವಲ್ಲ" ಅಂದರು. ಹೋಗುವುದು ಇನ್ನೂ ದೂರವಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಆದೀತೇನೋ. ಅಂಚಿನಲ್ಲಿ ಉಳಿದಿದ್ದ ಬೆಳಕೂ ಈಗ ಮಂಕಾಗುತ್ತಿದೆಯಂತೆ.

ಅವರು ಅಲ್ಲಿಗೆ ತಲುಪುವವರೆಗೆ ಕಾಯಲು ನಮಗೆ ಆಗುವುದಿಲ್ಲ, ದೊಡ್ಡಪ್ಪ. ಹೇಗಾದರೂ ಒಂದು ಸಲ ಹೇಳಿ ಕಳಿಸಿಬಿಡಿ. ಅಷ್ಟು ಸರಿಯಿಲ್ಲದಿದ್ದರೂ ಪರವಾಗಿಲ್ಲ.

ಪಿಸು

*

ಮಾರ್ಚ್ 23

ಎಲೈ ದುಷ್ಟ ಬಾಲಿಕೆ!

"ಸರಿಯಿಲ್ಲದಿದ್ದರೂ ಪರವಾಗಿಲ್ಲ!" ಈ ಮಾತನ್ನು ನನ್ನ ಮುಖಕ್ಕೆ ಹೇಳಿ ಬದುಕಿರುವವಳು ನೀನೊಬ್ಬಳೇ. ಹರಕು ಪರದೆ, ಸೋರುವ ಚಾವಣಿ, ಖಾಲಿ ಕುರ್ಚಿಗಳ ಮುಂದೆಯೂ ನಾನು ಪರವಾಗಿಲ್ಲ ಎಂದು ಆಡಿದವನಲ್ಲ.

ಪ್ರತಿ ಬೆಳಿಗ್ಗೆ ಆ ಮಾತಿನ ಮುಂದೆ ನಿಲ್ಲುತ್ತೇನೆ. ಇದಲ್ಲ ಎಂದು ಅಳಿಸುತ್ತೇನೆ. ಧ್ವನಿ ನನ್ನದಾಗಿರುವ ಹೊತ್ತು ಚಿಕ್ಕದಾಗುತ್ತಾ ಬಂದಿದೆ. ಹಲ್ಲುಜ್ಜುವಷ್ಟರಲ್ಲಿ ಮುಗಿದುಹೋಗುತ್ತದೆ ಎಂದು ಹಲ್ಲುಜ್ಜದೆಯೇ ನಿಲ್ಲುತ್ತೇನೆ. ನಿಮ್ಮ ದೊಡ್ಡಮ್ಮನಿಗೆ ಅದೊಂದು ಬೇರೆ ದುಃಖ.

ಆಸ್ಪತ್ರೆಯಿಂದ ಫೋನು ಬಂತು, ಆಪರೇಷನ್ನಿನ ದಿನವನ್ನು ಬೇಗ ಮಾಡಿದ್ದಾರೆ. ಇದೇ ಮೂವತ್ತರಂದು. ಅಂದು ಹೊರಡುವ ಮೊದಲು ಹೇಳಿಯೇ ಹೊರಡುತ್ತೇನೆ. ಅರ್ಥ ತಿಳಿಯಲಿ, ಬಿಡಲಿ. ನೀನು ಕೇಳಿದ್ದೀಯಲ್ಲ, ಸಾಕು.

ದೊಡ್ಡಪ್ಪ

*

ಏಪ್ರಿಲ್ 5

ಪಿಸು,

ಆಪರೇಷನ್ ಆಯ್ತು. ಹುಷಾರಾಗಿದ್ದಾರೆ. ಕತ್ತಿನಲ್ಲಿ ಒಂದು ತೂತು, ಅಲ್ಲಿಂದ ಉಸಿರು. ನೋಡೋಕೆ ಮೊದಲು ಹೆದರಿಕೆ ಆಯ್ತು, ಈಗ ನಾನೇ ಕ್ಲೀನ್ ಮಾಡ್ತೀನಿ. ನಿಮ್ಮಪ್ಪ ಬಂದು ಅತ್ತ. ಇವರ ಹೆಗಲು ಕುಲುಕ್ತಿತ್ತು. ನಗುತ್ತಿದ್ದಾರೆ ಅಂತ ನನಗೆ ಮಾತ್ರ ಗೊತ್ತಾಯ್ತು.

ರೆಕಾರ್ಡರ್ ಕಳಿಸಿದ್ದೀನಿ. ಅವತ್ತು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ್ರು. ಹಾಲ್‌ನಲ್ಲಿ ನಿಂತ್ರು. ಮಾತಾಡೋವಾಗ ಅವರು ಕೂತವರಲ್ಲ. ನಾನು ಪಕ್ಕದಲ್ಲಿ ಕೂತಿದ್ದೆ. ಕೆಂಪು ಬಟನ್ ಒತ್ತಿದೆ. ಉಸಿರು ಎಳೆದ್ರು. ತುಂಬ ಎಳೆದ್ರು. ಹಿಂದೆ ದೊಡ್ಡ ದೊಡ್ಡ ಸೀನಿಗೆ ಎಳೀತಿದ್ರಲ್ಲ, ಹಾಗೆ. ಮಾತು ಒಳಗಿತ್ತು, ಪಿಸು. ಹೇಗೆ ಹೇಳಬೇಕು ಅನ್ನೋದು ಅವರಿಗೆ ಸಿಕ್ಕಿತ್ತು, ಉಸಿರಲ್ಲೇ ಗೊತ್ತಾಯ್ತು. ಧ್ವನಿ ಬರಲಿಲ್ಲ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಉಸಿರು ತುಂಬಿತ್ತು ಅಂತ ನಾನು ಸುಮ್ಮನೆ ಕೂತಿದ್ದೆ. ಕೆಳಗೆ ಕಾರು ಹಾರ್ನ್ ಹಾಕ್ತು. ಬಟನ್ ಆರಿಸಿದೆ, ಹೊರಟ್ವಿ.

ನಾನು ಹೇಳಿಕೊಡಬೇಕಿತ್ತೇನೋ ಅಂತ ಆಸ್ಪತ್ರೆ ಬೆಂಚಿನ ಮೇಲೆ ಕೂತು ಯೋಚನೆ ಮಾಡಿದೆ. ಹೇಳಿಕೊಟ್ಟಿದ್ರೆ ಏನಾಗ್ತಿತ್ತು? ಮರೆತವರಿಗೆ ಹೇಳಿಕೊಡಬಹುದು. ಅವರು ಮರೆತಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ದೊಡ್ಡಮ್ಮ

*

ಸೆಪ್ಟೆಂಬರ್ 3

ದೊಡ್ಡಪ್ಪ,

ಇಷ್ಟು ತಿಂಗಳು ನಿಮಗೆ ಬರೆಯದೆ ದೊಡ್ಡಮ್ಮನಿಗೆ ಫೋನು ಮಾಡಿ ವಿಚಾರಿಸುತ್ತಿದ್ದೆ. ಪಕ್ಕದಲ್ಲಿ ನೀವು ಕೂತಿರುತ್ತೀರೆಂದು ಗೊತ್ತಿತ್ತು. ನಿಮ್ಮನ್ನು ಫೋನಿಗೆ ಕರೆಯಿರಿ ಎಂದು ಬಾಯಿತಪ್ಪಿ ಒಂದು ಸಲ ಅಂದೂಬಿಟ್ಟೆ. ಅಂದು ಏಕೆ ಬೇಗ ಇಟ್ಟೆ ಎಂದು ನಿಮಗೆ ತಿಳಿದಿರಬೇಕು.

ಟೀಚರ ಪ್ರಮೇಯ ನಿನ್ನೆ ಮುಗಿಯಿತು.

ಆಫೀಸಿನಲ್ಲಿ ಕೊನೆಯ ಮಾತಿಗೆ ಬೇರೆ ಯಾರದಾದರೂ ಧ್ವನಿ ಹಾಕೋಣ ಅಂದರು. ನಾನು ಒಪ್ಪಲಿಲ್ಲ. ರೆಕಾರ್ಡರಿನಲ್ಲಿದ್ದ ನಿಮ್ಮ ಉಸಿರನ್ನು ಹಾಗೆಯೇ ಹಾಕಿದೆ, ಕಾರಿನ ಹಾರ್ನ್ ಕತ್ತರಿಸಿ. ಟೀಚರಿಗೆ ಮೊದಲೇ ಹೇಳಿರಲಿಲ್ಲ. ಹೇಳಲು ಧೈರ್ಯ ಸಾಲಲಿಲ್ಲ.

ಅವರಿಗೆ ಈಗ ಏನೂ ಕಾಣುವುದಿಲ್ಲ. "ಇನ್ನೂ ಒಂದು ಉಳಿದಿದೆ" ಎಂದು ನೀವು ಹೇಳಿದಿರಿ. ಅವರು ಒಂದು ಸಾಲು ಬರೆದರು, ಅಳಿಸಿದರು, ಮತ್ತೆ ಅದನ್ನೇ ಬರೆದರು. ಯಂತ್ರ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಆಮೇಲೆ ಅವರ ಮುಖ ಮೇಲಕ್ಕೆದ್ದಿತು. ನನಗೆ ಹೆಡ್‌ಫೋನ್ ಇರಲಿಲ್ಲ, ಆದರೆ ನಿಮ್ಮ ಉಸಿರು ಎಲ್ಲಿ ಶುರುವಾಯಿತು, ಎಲ್ಲಿ ತುಂಬಿತು ಎಂದು ಅವರ ಮುಖದಲ್ಲೇ ಕಾಣಿಸಿತು. ಮಾತು ಬರುತ್ತದೆಂದು ಕಾದರು. ಬಹಳ ಹೊತ್ತು ಕಾದರು.

"ಮುಗೀತಾ?"

"ಮುಗೀತು ಟೀಚರ್."

"ಅವರು ಏನೂ ಹೇಳಲಿಲ್ಲವಲ್ಲೇ."

ಆಮೇಲೆ ಅವರಿಗೇ ಹೊಳೆಯಿತು. ಮೇಜಿನ ಅಂಚು ಹಿಡಿದುಕೊಂಡರು. "ಇನ್ನೊಂದು ಸಲ ಹಾಕು" ಅಂದರು. ಹಾಕಿದೆ. ಇಷ್ಟು ವರ್ಷ ಯಾರೂ ಸರಿ ಅನ್ನದಿದ್ದ ಪ್ರಮೇಯ ಸರಿ ಎಂದಾದ ದಿನ ಅವರು ಆಡಿದ ಮಾತು ಅಷ್ಟೇ. ಪೇಪರಿನವರು ಬರಬಹುದೇ ಎಂದು ಕೇಳಿದ್ದಕ್ಕೆ ನಾಳೆ ನೋಡೋಣ ಎಂಬಂತೆ ಕೈಯಾಡಿಸಿದರು.

ಇದರ ಜೊತೆ ಒಂದು ಚಿಕ್ಕ ಪ್ಲೇಯರ್ ಕಳಿಸಿದ್ದೇನೆ. ಎಲ್ಲ ಮಾತೂ ಅದರಲ್ಲಿವೆ. ಬೇಡವೆನಿಸಿದರೆ ಕೇಳಬೇಡಿ.

ಪಿಸು

*

ಸೆಪ್ಟೆಂಬರ್ 19

ಪಿಸು,

ಪ್ಲೇಯರ್ ಬಂತು.

ಇಲ್ಲಿಯ ಸಮಾಚಾರ: ಕತ್ತಿನಲ್ಲಿ ಸ್ಲೇಟು ನೇತುಹಾಕಿಕೊಂಡು ಓಡಾಡುತ್ತೇನೆ. ತರಕಾರಿ ಅಂಗಡಿಯವನಿಗೆ ಬರೆದು ತೋರಿಸಿದರೆ ಅವನು ನನ್ನ ಕಿವಿಯ ಹತ್ತಿರ ಬಂದು ಕಿರುಚುತ್ತಾನೆ. ಮಾತು ಹೋದವನಿಗೆ ಕಿವಿಯೂ ಹೋಗಿರಬೇಕೆಂದು ಜಗತ್ತು ತೀರ್ಮಾನಿಸಿದೆ. ನಿಮ್ಮ ದೊಡ್ಡಮ್ಮ ಮಾತ್ರ, "ಸ್ಲೇಟಿನ ಮೇಲೂ ಕೂಗ್ತೀರಲ್ಲ, ಅಕ್ಷರ ಸಣ್ಣದಾಗಿ ಬರೀರಿ" ಅನ್ನುತ್ತಾಳೆ.

ಟೀಚರಿಗೆ ನನ್ನ ಸಾಷ್ಟಾಂಗ ತಿಳಿಸು. ಮುಂದಿನ ಸಾಲಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದವರು ಕೊನೆಗೂ ನನ್ನನ್ನು ಕೇಳಿದರು.

ಪ್ಲೇಯರನ್ನು ಬಹಳ ದಿನ ಮುಟ್ಟಲಿಲ್ಲ. ನಿನ್ನೆ ಅಡುಗೆಮನೆಯ ಮೇಜಿನ ಮೇಲಿಟ್ಟು ಹಾಕಿದೆ. ಅವಳು ಪಾತ್ರೆ ಒರೆಸುತ್ತಿದ್ದಳು. "ಆದ್ದರಿಂದ" ಅಂದೆ ನಾನು. "ಇನ್ನೂ ಮೂರು ಉಳಿದಿವೆ" ಅಂದೆ. ಯಾರೋ ಪಕ್ಕದ ಕೋಣೆಯಿಂದ ಎದ್ದು ಬಂದ ಹಾಗಿತ್ತು. ಅವಳು ಒರೆಸುತ್ತಲೇ ಇದ್ದಳು. "ಇನ್ನೂ ಎರಡು." "ಇನ್ನೂ ಒಂದು."

ಆಮೇಲೆ ಉಸಿರು.

ಅವಳ ಕೈ ಲೋಟದೊಳಗೇ ನಿಂತಿತು. ತಲೆ ಒಂದು ಪಕ್ಕಕ್ಕೆ ವಾಲಿತು. ಪರದೆಯ ಹಿಂದೆ, ಆ ಮರದ ಸ್ಟೂಲಿನ ಮೇಲೆ ಅವಳು ಹೀಗೆಯೇ ಕೂತಿರುತ್ತಿದ್ದಳೇನೋ. ಆಗ ನಾನು ತಿರುಗಿ ನೋಡಿರಲಿಲ್ಲ, ಈಗ ನೋಡಿದೆ. ಉಸಿರು ಪೂರ್ತಿ ತುಂಬಿತು. ಅವಳು ಸುಮ್ಮನಿದ್ದಳು, ಮಾತು ಬರುತ್ತದೆಂದು ಕಾಯುತ್ತಾ, ತನ್ನ ಉಸಿರನ್ನೂ ಹಿಡಿದುಕೊಂಡು. ಬರಲಿಲ್ಲ. ಪ್ಲೇಯರ್ ತಾನಾಗಿ ನಿಂತಿತು. ಆಗಲೂ ಕಾದಳು.

ಕೊನೆಗೆ ಲೋಟವನ್ನು ಒರೆಸಿ ಮುಗಿಸಿ, ಕಪಾಟಿನಲ್ಲಿ ಬೋರಲು ಹಾಕಿ, ನನ್ನ ಕಡೆ ತಿರುಗದೆ ಹೇಳಿದಳು:

"ಇನ್ನೇನೂ ಉಳಿದಿಲ್ಲ."

ಇಡೀ ಮಾತು. ಆಯುಷ್ಯದಲ್ಲಿ ಎಂದೂ ಮೊದಲ ಪದ ದಾಟದವಳು ಕೊನೆಯವರೆಗೂ ಹೇಳಿದಳು. ಗೆದ್ದ ಹಾಗಲ್ಲ, ಕಳೆದುಕೊಂಡ ಹಾಗೂ ಅಲ್ಲ. ಒಲೆ ಆರಿಸಿದ್ದೇನೆ, ಬಾಗಿಲು ಹಾಕಿದ್ದೇನೆ, ಇನ್ನು ನೀವು ಮಲಗಬಹುದು ಎಂದು ಹೇಳುವ ಧ್ವನಿ. ಅಂದು ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಾಗ ನನಗೆ ಸಿಕ್ಕಿದ್ದೂ ಅದೇ ಧ್ವನಿ, ಪಿಸು. ಅದೇ.

ರೆಕಾರ್ಡ್ ಮಾಡಿಕೊಂಡಿಲ್ಲ. ಕೇಳಬೇಡ. ಟೀಚರಿಗೆ ಉಸಿರೇ ಇರಲಿ.

ಇಷ್ಟು ವರ್ಷದ ಒಂದು ಮಾತನ್ನು ಅವಳಿಗೆ ಹೇಳಬೇಕು ಅನ್ನಿಸಿತು. ಸ್ಲೇಟು ಎತ್ತಿಕೊಂಡೆ. ಬಳಪ ಹಿಡಿದೆ. ಏನೂ ಬರೆಯಲಿಲ್ಲ. ಕತ್ತಿನ ತೂತಿನಿಂದ ಉಸಿರು ತುಂಬ ಎಳೆದೆ.

ಅವಳು ಕೇಳಿಸಿಕೊಂಡಳು. ಸುಮ್ಮನಿದ್ದಳು.

ದೊಡ್ಡಪ್ಪ